ಯಾರ ಹಂಗೂ ಇಲ್ಲ ಎನ್ನುವ ಮುನ್ನ





ನಮ್ಮವರ ಬಾಯಲ್ಲಿ ಆಗಾಗ ಕೇಳುವ ಒಂದು ಮಾತಿದೆ: "ನನಗೆ ಯಾರ ಹಂಗೂ ಇಲ್ಲ." ಊರಿನಲ್ಲಿ ಮನೆ ಕಟ್ಟಿ ಮುಗಿಸಿದವರು ಹೀಗೆ ಹೇಳುತ್ತಾರೆ. ತಂಗಿಯ ಮದುವೆಯ ಸಾಲ ತೀರಿಸಿದವರು ಹೇಳುತ್ತಾರೆ. ರೂಮಿನಲ್ಲಿ ಅಡುಗೆಯ ಸರದಿಗೆ ಸಣ್ಣ ಜಗಳವಾದಾಗಲೂ ಹೇಳುತ್ತಾರೆ. ಈ ಮಾತಿನ ಹಿಂದೆ ಬೆವರಿದೆ, ಸ್ವಾಭಿಮಾನವಿದೆ. ಯಾರ ಮುಂದೆಯೂ ಕೈ ಚಾಚಬಾರದು ಎಂದೇ ಅಲ್ಲವೇ ನಾವು ಪುತ್ತೂರು, ಬಂಟ್ವಾಳ, ಕಾಸರಗೋಡು, ಭಟ್ಕಳ, ವಿಜಯಪುರ, ಕಲಬುರಗಿಗಳನ್ನು ಬಿಟ್ಟು ಇಷ್ಟು ದೂರ ಬಂದದ್ದು?

ದೀನ್ ಕೂಡ ಈ ಸ್ವಾಭಿಮಾನವನ್ನು ಮೆಚ್ಚುತ್ತದೆ. ಜನರ ಬಳಿ ಬೇಡುವುದಕ್ಕಿಂತ ಹಗ್ಗ ಹಿಡಿದು ಹೋಗಿ, ಸೌದೆಯ ಹೊರೆ ಬೆನ್ನ ಮೇಲೆ ಹೊತ್ತು ತಂದು ಮಾರುವುದು ಉತ್ತಮ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಪ್ರವಾದಿ ದಾವೂದ್(ಅ) ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂದೂ ಹದೀಸ್‌ನಲ್ಲಿದೆ. ಆದ್ದರಿಂದ ದುಡಿದು ತಿನ್ನುವವನ ತಲೆ ಎತ್ತರದಲ್ಲಿರುವುದು ನ್ಯಾಯವೇ.

ಆದರೆ ಬೇಡುವುದು ಬೇರೆ, ಒಬ್ಬರ ಆಸರೆಯಲ್ಲಿ ಇನ್ನೊಬ್ಬರು ಬದುಕುವುದು ಬೇರೆ. ಇವೆರಡನ್ನೂ ನಾವು ಒಂದೇ ಎಂದುಕೊಂಡಾಗ ತೊಂದರೆ ಶುರುವಾಗುತ್ತದೆ. ಯಾರ ಹಂಗೂ ಇಲ್ಲದ ಬದುಕು ಇದೆಯೇ? ಇದ್ದರೆ ಅದು ಒಳ್ಳೆಯದೇ? ಈ ರಮಝಾನ್‌ನಲ್ಲಿ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸಹರಿಗೆ ಎದ್ದು ನಲ್ಲಿ ತಿರುಗಿಸುತ್ತೀರಿ. ನೀರು ಬರುತ್ತದೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಹೊಳೆ ಇಲ್ಲ. 1997ರಲ್ಲಿ ಈ ಪಾರ್ಕ್ ಶುರುವಾಗುವ ಮೊದಲು ಇಲ್ಲಿದ್ದದ್ದು ಮರಳು. ನೀವು ವುಝೂ ಮಾಡುವ ನೀರು ನಿನ್ನೆ ಮೊನ್ನೆ ಸಮುದ್ರದಲ್ಲಿತ್ತು. ಇಲ್ಲಿಂದ ಹೆಚ್ಚು ದೂರವಿಲ್ಲದ ಜಬಲ್ ಅಲಿಯ ಕಡಲ ತೀರದಲ್ಲಿ ದೊಡ್ಡ ಸ್ಥಾವರಗಳಿವೆ. ಅಲ್ಲಿ ನೈಸರ್ಗಿಕ ಅನಿಲ ಉರಿಸಿ ವಿದ್ಯುತ್ ಮಾಡುತ್ತಾರೆ. ಆ ಉರಿಯ ಉಳಿದ ಶಾಖದಿಂದ ಹಬೆ ಮಾಡಿ, ಆ ಹಬೆಯಿಂದ ಸಮುದ್ರದ ನೀರನ್ನು ಕಾಯಿಸಿ ಆವಿಯಾಗಿಸಿ, ಆವಿಯನ್ನು ತಣಿಸಿ ಸಿಹಿನೀರು ಪಡೆಯುತ್ತಾರೆ. ಇನ್ನೊಂದು ವಿಧಾನದಲ್ಲಿ ಉಪ್ಪುನೀರನ್ನು ಬಹಳ ಒತ್ತಡದಿಂದ ಸೂಕ್ಷ್ಮ ಪದರಗಳ ಮೂಲಕ ತಳ್ಳಿ ಉಪ್ಪನ್ನು ಬೇರೆ ಮಾಡುತ್ತಾರೆ. ವಿದ್ಯುತ್ತಿಗೆ ಅನಿಲ ಬೇಕು, ನೀರಿಗೆ ವಿದ್ಯುತ್ ಬೇಕು, ಇದನ್ನೆಲ್ಲ ನಡೆಸುವ ಮನುಷ್ಯನಿಗೆ ನೀರು ಬೇಕು. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ನಿಲ್ಲುತ್ತದೆ.

ಅದು ನಿಂತ ಉದಾಹರಣೆಯೂ ಇದೆ. 2008ರ ಕೊನೆಯ ತಿಂಗಳುಗಳಿಂದ 2009ರವರೆಗೆ ಈ ಭಾಗದ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೊಂದು ಲೆಕ್ಕವಿಲ್ಲದಷ್ಟು ಬೆಳೆದು ನೀರಿನ ಬಣ್ಣವನ್ನೇ ಕೆಡಿಸಿತು. ಮೀನುಗಳು ರಾಶಿ ರಾಶಿ ಸತ್ತವು. ಸಮುದ್ರದ ನೀರು ಶುದ್ಧೀಕರಿಸುವ ಕೆಲವು ಸ್ಥಾವರಗಳನ್ನು ನಿಲ್ಲಿಸಬೇಕಾಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರಗಳು, ಎದುರಿಗೆ ಒಂದೇ ಕೋಶದ ಜೀವಿ. ಸಮುದ್ರ ಚೆನ್ನಾಗಿದ್ದರೆ ಯಂತ್ರ ಓಡುತ್ತದೆ, ಯಂತ್ರ ಓಡಿದರೆ ನಗರ ಉಸಿರಾಡುತ್ತದೆ. ಯಂತ್ರ ಬಂದ ಮೇಲೆ ಪ್ರಕೃತಿಯ ಹಂಗು ತೀರಿತು ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಆ ಹಂಗು ಗೋಡೆಯ ಹಿಂದಿನ ಪೈಪಿನೊಳಗೆ ಮರೆಯಾಗಿದೆ, ಅಷ್ಟೇ.

ಈಗ ಊರಿನ ಕಡೆ ನೋಡೋಣ. ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಅಡಿಕೆ ಮರವನ್ನು ತಬ್ಬಿ ಮೇಲೇರುತ್ತದೆ. ಅದಕ್ಕೆ ಸ್ವಂತ ಬೆನ್ನೆಲುಬಿಲ್ಲ. ಹಾಗೆಂದು ಯಾವ ಕೃಷಿಕನೂ ಬಳ್ಳಿಯನ್ನು ಹೀಯಾಳಿಸುವುದಿಲ್ಲ. ಅಡಿಕೆಗೆ ಬೆಲೆ ಬಿದ್ದ ವರ್ಷ ಮನೆಯನ್ನು ಕಾಯುವುದು ಆ ಮೆಣಸೇ. ಇನ್ನು ಅತ್ತಿಯ ಮರ. ಅತ್ತಿಹಣ್ಣು ಬಿಡಿಸಿ ನೋಡಿದರೆ ಹುಳವೇ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಆ ಹುಳದ ಕಥೆ ಗೊತ್ತೇ? ಅತ್ತಿಯ ಹೂಗಳು ಕಾಯಿಯ ಒಳಗೆ ಅರಳುತ್ತವೆ. ಹೊರಗಿನ ಜೇನು, ದುಂಬಿಗಳಿಗೆ ಅಲ್ಲಿ ದಾರಿಯಿಲ್ಲ. ಒಂದು ಪುಟ್ಟ ಕಣಜ ಮಾತ್ರ ಕಾಯಿಯ ತುದಿಯ ಕಿರಿದಾದ ರಂಧ್ರದಿಂದ ನುಸುಳಿ ಒಳಗೆ ಹೋಗುತ್ತದೆ. ನುಸುಳುವಾಗ ಸಾಮಾನ್ಯವಾಗಿ ರೆಕ್ಕೆ ಮುರಿಯುತ್ತದೆ. ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅದರ ಮರಿಗಳು ಅಲ್ಲೇ ಬೆಳೆದು, ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಮರಕ್ಕೆ ಹಾರುತ್ತವೆ. ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕಣಜಕ್ಕೆ ಸಂತಾನವಿಲ್ಲ. ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ರೆಕ್ಕೆಯಲ್ಲಿ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥದ ವಚನ ಸೂರಾ ಅಲ್ ಅನ್‌ಆಮ್‌ನಲ್ಲಿದೆ. ಅತ್ತಿಯ ಮರದ ಕೆಳಗೆ ನಿಂತರೆ ಆ ವಚನ ಅರ್ಥವಾಗುತ್ತದೆ.

ಮನುಷ್ಯನೂ ಇದೇ ಬಲೆಯ ಒಂದು ಎಳೆ. ಇಫ್ತಾರ್‌ಗೆ ನಾವು ಬಾಯಿಗಿಡುವ ಖರ್ಜೂರವನ್ನೇ ನೋಡಿ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡುವುದು ಹೆಣ್ಣು ಮರ. ಗಾಳಿಯನ್ನೇ ನಂಬಿದರೆ ಫಸಲು ಸಾಲದು. ಆದ್ದರಿಂದ ಸಾವಿರಾರು ವರ್ಷಗಳಿಂದ ರೈತ ಮರವೇರಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂಗೊಂಚಲಿಗೆ ಕೈಯಾರೆ ಮುಟ್ಟಿಸುತ್ತಾ ಬಂದಿದ್ದಾನೆ. ಮರ ಮನುಷ್ಯನಿಗೆ ಹಣ್ಣು ಕೊಟ್ಟಿತು, ಮನುಷ್ಯ ಮರಕ್ಕೆ ಜೇನಿನ ಕೆಲಸ ಮಾಡಿಕೊಟ್ಟ. ಅಲ್ ಐನ್‌ನ ತೋಟಗಳಲ್ಲಿ ಫಲಜ್ ಎಂಬ ಹಳೆಯ ಕಾಲುವೆಗಳು ಇಂದಿಗೂ ಇವೆ. ನೆಲದಡಿಯ ನೀರನ್ನು ಹರಿಸಿ ತಂದು, ಇಂತಿಷ್ಟು ಹೊತ್ತು ಇಂಥವರ ತೋಟಕ್ಕೆ ಎಂದು ಸರದಿಯಲ್ಲಿ ಹಂಚುತ್ತಿದ್ದರು. ನೀರು ಒಬ್ಬನದಲ್ಲ, ಸರದಿ ಎಲ್ಲರದು.

ಖರ್ಜೂರದ ಈ ಪರಾಗ ಮುಟ್ಟಿಸುವ ಕೆಲಸದ ಬಗ್ಗೆ ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಹದೀಸ್ ಇದೆ. ಪ್ರವಾದಿಯವರು(ಸ) ಮದೀನಕ್ಕೆ ಬಂದಾಗ ಅಲ್ಲಿನ ರೈತರು ಹೀಗೆ ಮಾಡುವುದನ್ನು ಕಂಡರು. ಮಾಡದಿದ್ದರೂ ಒಳ್ಳೆಯದಿರಬಹುದೇನೋ ಎಂಬಂತೆ ಅವರು ಹೇಳಿದ್ದರಿಂದ ರೈತರು ಬಿಟ್ಟುಬಿಟ್ಟರು. ಆ ವರ್ಷ ಫಸಲು ಇಳಿಯಿತು. ವಿಷಯ ತಿಳಿದಾಗ, ನಿಮ್ಮ ಲೌಕಿಕ ಕೆಲಸಗಳ ಬಗ್ಗೆ ನಿಮಗೇ ಹೆಚ್ಚು ತಿಳಿದಿದೆ ಎಂದು ಅವರು ಸ್ಪಷ್ಟಪಡಿಸಿದರು. ಕಸುಬುದಾರನ ಅನುಭವಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೇ? ಪೈಂಟಿಂಗ್ ಮಾಡುವವರೇ, ಎಸಿ ರಿಪೇರಿ ಮಾಡುವವರೇ, ಸ್ಟೀಲ್ ಕಟ್ಟುವವರೇ, ನಿಮ್ಮ ಕೈಗೆ ತಿಳಿದಿರುವುದು ಆಫೀಸಿನ ಕುರ್ಚಿಗೆ ತಿಳಿದಿಲ್ಲ. ಆ ಕುರ್ಚಿ ನಿಮ್ಮ ಕೈಯ ಹಂಗಿನಲ್ಲಿದೆ.

ಇನ್ನು ಯಂತ್ರಗಳ ಮಾತು. ಯಂತ್ರ ನಮ್ಮನ್ನು ನಡೆಸುತ್ತದೆ ಎಂದು ಹೇಳುತ್ತೇವೆ. ಯಂತ್ರವನ್ನು ನಡೆಸುವುದು ಯಾರು? ಬೆಳಗ್ಗೆ ಕಂಪನಿ ಬಸ್ಸಿನ ಡ್ರೈವರ್ ಗೂಗಲ್ ಮ್ಯಾಪ್ ನೋಡುತ್ತಾನೆ. ಮುಂದಿನ ರಸ್ತೆ ಕೆಂಪಾಗಿ ಕಾಣುತ್ತದೆ, ಟ್ರಾಫಿಕ್ ಇದೆ ಎಂದರ್ಥ. ಆ ಕೆಂಪು ಗೆರೆ ಬಂದದ್ದು ಎಲ್ಲಿಂದ? ಹೆಚ್ಚಾಗಿ, ಆ ರಸ್ತೆಯಲ್ಲಿ ಈಗಾಗಲೇ ಸಿಕ್ಕಿಕೊಂಡಿರುವವರ ಮೊಬೈಲುಗಳಿಂದಲೇ. ಮುಂದಿನ ಬಸ್ಸಿನಲ್ಲಿ ತೂಕಡಿಸುತ್ತಾ ಕುಳಿತ ಒಬ್ಬ ಕಾರ್ಮಿಕನ ಜೇಬಿನ ಫೋನು, ಅವನಿಗೇ ಗೊತ್ತಿಲ್ಲದೆ, ಹಿಂದಿನವರಿಗೆ ದಾರಿ ತೋರಿಸುತ್ತಿದೆ. ಕಿಬ್ಲಾ ತೋರಿಸುವ ಆ್ಯಪ್ ಆಕಾಶದ ಉಪಗ್ರಹಗಳಿಂದ ನೀವಿರುವ ಜಾಗವನ್ನು ತಿಳಿಯುತ್ತದೆ. ಆ ಉಪಗ್ರಹಗಳ ಗಡಿಯಾರವನ್ನು ಭೂಮಿಯ ಮೇಲಿನ ಜನರು ಸದಾ ಸರಿಪಡಿಸುತ್ತಿರಬೇಕು. ಫೋನಿನ ಬ್ಯಾಟರಿಯಲ್ಲಿ ಕೋಬಾಲ್ಟ್ ಎಂಬ ಲೋಹವಿರುತ್ತದೆ. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ ಕಾಂಗೋ ದೇಶದ್ದು. ಅದರಲ್ಲಿ ಒಂದು ಪಾಲನ್ನು ಬಡವರು ಕೈಯಿಂದಲೇ ಅಗೆದು ತೆಗೆಯುತ್ತಾರೆ. ಅವರೂ ನಮ್ಮಂತೆ ಕೂಲಿಯವರು. ನಮ್ಮ ಮಕ್ಕಳ ಮುಖ ನಮಗೆ ಕಾಣುವುದರಲ್ಲಿ ಅವರ ಬೆವರಿದೆ.

ಯಂತ್ರಕ್ಕೆ ನಾವು ಸಲಾಂ ಹೇಳಬೇಕಿಲ್ಲ. ಅದಕ್ಕೆ ಹಸಿವಿಲ್ಲ, ನಾಳೆ ಹಶ್ರ್‌ನ ಮೈದಾನದಲ್ಲಿ ಅದು ತನ್ನ ಹಕ್ಕು ಕೇಳುವುದೂ ಇಲ್ಲ. ಆದರೆ ಪ್ರತಿ ಯಂತ್ರದ ಹಿಂದೆ ಮನುಷ್ಯರಿದ್ದಾರೆ, ಭೂಮಿಯಿದೆ, ನೀರಿದೆ. ಯಂತ್ರ ಹೊತ್ತು ತಂದ ಋಣ ಅವರಿಗೆ ಸಲ್ಲಬೇಕು. ನಾನು ಲೆಕ್ಕ ಬರೆದು ಬದುಕುವವನು. ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ: ಒಂದು ಕಡೆ ಬಂದದ್ದನ್ನು ಬರೆದರೆ, ಅದು ಎಲ್ಲಿಂದ ಬಂತು ಎಂಬುದನ್ನು ಇನ್ನೊಂದು ಕಡೆ ಬರೆಯಲೇಬೇಕು. ಬಂದದ್ದನ್ನು ಮಾತ್ರ ಬರೆದು ಕೊಟ್ಟವನನ್ನು ಬಿಟ್ಟ ಪುಸ್ತಕವನ್ನು ಯಾವ ಆಡಿಟರ್ ಕೂಡ ಒಪ್ಪುವುದಿಲ್ಲ. ಯಾರ ಹಂಗೂ ಇಲ್ಲ ಎನ್ನುವವನ ಬದುಕು ಅಂಥ ಪುಸ್ತಕ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವೆಲ್ಲರೂ ಒಬ್ಬರಿಗೊಬ್ಬರು ಬೇಕಾದವರು ಎಂಬ ಸಿಹಿ ಮಾತನ್ನು ಬಲವಿದ್ದವನು ಬಲವಿಲ್ಲದವನ ಬಾಯಿ ಮುಚ್ಚಿಸಲೂ ಬಳಸಬಲ್ಲ. ಅವಲಂಬನೆ ಎರಡೂ ಕಡೆ ಇದ್ದರೂ ಭಾರ ಸಮನಾಗಿರುವುದಿಲ್ಲ. ಮಾಲಕನಿಗೆ ಒಬ್ಬ ಕೆಲಸಗಾರ ಹೋದರೆ ಇನ್ನೊಬ್ಬ ಸಿಗಬಹುದು. ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು ಬಂದವನಿಗೆ ಆ ಒಂದೇ ಕೆಲಸ, ಅದರ ಹಿಂದೆ ಊರಿನ ಆರು ಹೊಟ್ಟೆ. ಆದ್ದರಿಂದಲೇ ದೀನ್ ಪರಸ್ಪರ ಪ್ರೀತಿಯ ಮಾತಿಗೆ ನಿಲ್ಲದೆ ಹಕ್ಕಿನ ಮಾತನ್ನೂ ಆಡಿತು. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂದಿತು. ಈ ದೇಶದಲ್ಲಿ ಸಂಬಳ ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಮೂಲಕವೇ, ದಾಖಲೆಯೊಂದಿಗೆ ಬರಬೇಕೆಂಬ ವ್ಯವಸ್ಥೆ 2009ರಲ್ಲಿ ಬಂತು. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಇವು ಯಾರೋ ಕೊಟ್ಟ ಭಿಕ್ಷೆಯಲ್ಲ. ನಿಮ್ಮ ದುಡಿಮೆಯ ಹಂಗಿನಲ್ಲಿ ಈ ನಗರವಿದೆ ಎಂಬುದಕ್ಕೆ ಕಾನೂನು ಬರೆದುಕೊಟ್ಟ ರಸೀದಿ. ಸೂರಾ ಅಝ್ಝುಖ್ರುಫ್‌ನ 32ನೇ ವಚನದಲ್ಲಿ ಜನರು ಒಬ್ಬರಿಂದೊಬ್ಬರು ಕೆಲಸ ಪಡೆಯುವಂತೆ ದರ್ಜೆಗಳಿರುವ ವಿಷಯ ಬರುತ್ತದೆ. ಅದನ್ನು ಓದಿ ಬೀಗುವವರು ಆ ವಚನದ ಕೊನೆಯನ್ನೂ ಓದಬೇಕು. ಜನ ಕೂಡಿಡುವ ಸಂಪತ್ತಿಗಿಂತ ಪ್ರಭುವಿನ ಕಾರುಣ್ಯವೇ ಮೇಲು ಎಂದು ಅದು ಮುಗಿಯುತ್ತದೆ.

ಈಗ ನಮ್ಮ ರೂಮಿನ ಒಳಗೆ ಬರೋಣ. ನಿಜವಾದ ಪರೀಕ್ಷೆ ಅಲ್ಲಿದೆ.

ಹಿಂದೆ ಗಲ್ಫಿಗೆ ಬಂದವರಿಗೆ ಎಲ್ಲದಕ್ಕೂ ಇನ್ನೊಬ್ಬರು ಬೇಕಿತ್ತು. ಓದು ಬಾರದವನು ಹೆಂಡತಿಯ ಕಾಗದವನ್ನು ಜೊತೆಯವನಿಂದ ಓದಿಸುತ್ತಿದ್ದ. ಊರಿಗೆ ಹೋಗುವವನ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ಟು, ಮಕ್ಕಳ ಬಟ್ಟೆ, ಹಣ ಕಳಿಸುತ್ತಿದ್ದರು. ಈಗ ಎಲ್ಲವೂ ಅಂಗೈಯಲ್ಲಿದೆ. ಇದನ್ನು ನಾನು ದೂರುವುದಿಲ್ಲ. ತನ್ನ ಮನೆಯ ಗುಟ್ಟನ್ನು ಇನ್ನೊಬ್ಬನ ಬಾಯಿಂದ ಕೇಳಬೇಕಾದವನ ಸಂಕಟ ಸಣ್ಣದಲ್ಲ. ಫೋನು ಅವನಿಗೆ ಮಾನ ಕೊಟ್ಟಿತು. ಮಗು ಹುಟ್ಟಿದ ಸುದ್ದಿಗೆ ವಾರಗಟ್ಟಲೆ ಕಾಯುವುದು ತಪ್ಪಿತು. ಅಲ್‌ಹಮ್ದುಲಿಲ್ಲಾಹ್.

ಆದರೆ ಒಂದು ನಷ್ಟವೂ ಆಗಿದೆ. ಆಗ ಅಗತ್ಯವೇ ನಮ್ಮನ್ನು ಒಬ್ಬರ ಹತ್ತಿರ ಇನ್ನೊಬ್ಬರನ್ನು ಕೂರಿಸುತ್ತಿತ್ತು. ಕಾಗದ ಓದಿಕೊಟ್ಟವನಿಗೆ ನಿಮ್ಮ ಅಮ್ಮನ ಕಾಯಿಲೆ ಗೊತ್ತಿರುತ್ತಿತ್ತು. ಈಗ ಎಂಟು ಮಂಚಗಳ ರೂಮಿನಲ್ಲಿ ಎಂಟು ಇಯರ್‌ಫೋನು. ಒಬ್ಬ ಮಂಗಳೂರಿನಲ್ಲಿದ್ದಾನೆ, ಒಬ್ಬ ಪಟ್ನಾದಲ್ಲಿ, ಒಬ್ಬ ಢಾಕಾದಲ್ಲಿ. ರೂಮಿನಲ್ಲಿ ಯಾರೂ ಇಲ್ಲ. ಕೆಳಗಿನ ಮಂಚದವನು ಎರಡು ದಿನದಿಂದ ಮೌನವಾಗಿದ್ದರೆ, ನಿದ್ದೆ ಇರಬೇಕು ಎಂದುಕೊಳ್ಳುತ್ತೇವೆ. ಅವನಿಗೆ ಜ್ವರವಿರಬಹುದು. ಊರಿನಿಂದ ಸಾವಿನ ಸುದ್ದಿ ಬಂದಿರಬಹುದು. ಸಾಲದವನ ಕರೆಗೆ ಹೆದರಿ ಫೋನು ಮಗುಚಿಟ್ಟು ಮಲಗಿರಬಹುದು. ಸಾವಿರ ಮೈಲಿ ದೂರದ ಮುಖವನ್ನು ತಂದುಕೊಟ್ಟ ಫೋನು ಮೂರಡಿ ದೂರದ ಮುಖವನ್ನು ಮರೆಸಬಾರದು.

ನನಗೆ ಯಾರೂ ಬೇಡ ಎಂಬ ಭಾವನೆ ಅಪಾಯ ಎನ್ನಲು ಇದೇ ಕಾರಣ. ನನಗೆ ಯಾರೂ ಬೇಡ ಎಂದುಕೊಂಡವನು, ನಾನೂ ಯಾರಿಗೂ ಬೇಕಿಲ್ಲ ಎಂಬಲ್ಲಿಗೆ ಬೇಗ ತಲುಪುತ್ತಾನೆ. ಸೂರಾ ಅಲ್ ಅಲಕ್ ಮನುಷ್ಯನ ಈ ರೋಗವನ್ನು ಹೆಸರಿಸುತ್ತದೆ: ತನಗೆ ಯಾರ ಅಗತ್ಯವೂ ಇಲ್ಲ ಎಂದು ತನ್ನನ್ನು ಕಂಡುಕೊಂಡಾಗ ಅವನು ಮಿತಿ ಮೀರುತ್ತಾನೆ. ನಿಜವಾಗಿ ಯಾರ ಅಗತ್ಯವೂ ಇಲ್ಲದವನು ಒಬ್ಬನೇ. ಪ್ರತಿದಿನ ನಾವು ಓದುವ ಸೂರಾ ಅಲ್ ಇಖ್ಲಾಸ್‌ನ ಅಸ್ಸಮದ್ ಎಂಬ ಹೆಸರಿನ ಅರ್ಥ ಅದೇ: ಎಲ್ಲರೂ ಅವನನ್ನು ಅವಲಂಬಿಸಿದ್ದಾರೆ, ಅವನು ಯಾರನ್ನೂ ಅವಲಂಬಿಸಿಲ್ಲ. ಯಾರ ಹಂಗೂ ಇಲ್ಲ ಎನ್ನುವಾಗ ನಾವು ಅವನಿಗೆ ಮಾತ್ರ ಸಲ್ಲುವ ಅಂಗಿಯನ್ನು ತೊಡಲು ಹೋಗುತ್ತೇವೆ. ಅದು ನಮ್ಮ ಅಳತೆಯದಲ್ಲ.

ಆ ನಿರಪೇಕ್ಷನಾದ ಅಲ್ಲಾಹನು ಕಿಯಾಮತ್ ದಿನ ಏನು ಕೇಳುತ್ತಾನೆ ಎಂಬುದು ಸಹೀಹ್ ಮುಸ್ಲಿಮ್‌ನ ಒಂದು ಹದೀಸ್ ಖುದ್ಸಿಯಲ್ಲಿದೆ. ನಾನು ಕಾಯಿಲೆ ಬಿದ್ದಿದ್ದೆ, ನೀನು ನೋಡಲು ಬರಲಿಲ್ಲ ಎನ್ನುತ್ತಾನೆ. ದಾಸ ಬೆರಗಾಗುತ್ತಾನೆ, ನೀನು ಸರ್ವಲೋಕಗಳ ಪ್ರಭುವಲ್ಲವೇ ಎಂದು. ಆಗ ಉತ್ತರ ಬರುತ್ತದೆ: ನನ್ನ ಇಂಥ ದಾಸ ಕಾಯಿಲೆ ಬಿದ್ದಿದ್ದ, ನೀನು ಅವನ ಬಳಿ ಹೋಗಿದ್ದರೆ ನನ್ನನ್ನು ಅಲ್ಲಿ ಕಾಣುತ್ತಿದ್ದೆ. ಹಸಿದವನ, ಬಾಯಾರಿದವನ ಬಗ್ಗೆಯೂ ಹೀಗೆಯೇ. ಯಾರೂ ಬೇಡದವನು ಎಲ್ಲವೂ ಬೇಕಾದವನ ಪಕ್ಕದಲ್ಲಿ ನಿಂತು ಲೆಕ್ಕ ಕೇಳುತ್ತಾನೆ. ಕೆಳಗಿನ ಮಂಚದವನು ಆ ದಿನ ನಮ್ಮ ಪ್ರಶ್ನೆಪತ್ರಿಕೆ.

2024ರ ಏಪ್ರಿಲ್ 16 ನಿಮಗೆ ನೆನಪಿರಬೇಕು. 1949ರಿಂದ ದಾಖಲೆ ಇಟ್ಟಂದಿನಿಂದ ಕಾಣದ ಮಳೆ ಈ ದೇಶದಲ್ಲಿ ಸುರಿಯಿತು. ಅಲ್ ಐನ್‌ನ ಒಂದು ಕಡೆ ಒಂದು ದಿನಕ್ಕೂ ಕಡಿಮೆ ಹೊತ್ತಿನಲ್ಲಿ 254 ಮಿಲಿಮೀಟರ್ ಬಿತ್ತು. ರಸ್ತೆಗಳು ಹೊಳೆಯಾದವು, ವಿಮಾನ ನಿಲ್ದಾಣ ತತ್ತರಿಸಿತು. ಎಷ್ಟೋ ಕಡೆ ಆ್ಯಪ್ ತೆರೆದರೂ ಊಟ ತರುವವನಿಗೆ ದಾರಿಯಿರಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಉಳಿಯುವುದು ಪಕ್ಕದ ಮನುಷ್ಯ ಮಾತ್ರ. ಮಳೆ ಬಂದಾಗ ನೆನಪಾದ ಈ ಸತ್ಯ ನೀರು ಇಳಿದ ಮೇಲೆ ಮರೆಯಬಾರದು.

ಅದನ್ನು ಮರೆಯದಿರಲೆಂದೇ ವರ್ಷಕ್ಕೊಮ್ಮೆ ರಮಝಾನ್ ಬರುತ್ತದೆ. ಅಸರ್ ಆದ ಮೇಲೆ ಎಲ್ಲರ ನಾಲಗೆಯೂ ಒಂದೇ ರೀತಿ ಒಣಗುತ್ತದೆ, ಮ್ಯಾನೇಜರನದೂ ಹೆಲ್ಪರನದೂ. ಒಂದು ಗುಟುಕು ನೀರು, ಒಂದು ಖರ್ಜೂರ ಇಲ್ಲದೆ ನಾನು ನಿಲ್ಲಲಾರೆ ಎಂದು ದೇಹವೇ ಸಾಕ್ಷಿ ಹೇಳುತ್ತದೆ. ತಿಂಗಳ ಕೊನೆಗೆ ಫಿತ್ರ್ ಝಕಾತ್ ಬರುತ್ತದೆ, ತಲೆಗೊಂದು ಸಾಅ್, ಸುಮಾರು ಎರಡೂವರೆ ಕಿಲೋ ಅಕ್ಕಿ. ಶಾಫಿಈ ಮದ್‌ಹಬ್‌ನಲ್ಲಿ, ಈದ್‌ನ ಹಗಲು ರಾತ್ರಿಗೆ ತನಗೂ ತನ್ನ ಆಶ್ರಿತರಿಗೂ ಬೇಕಾದದ್ದು ಕಳೆದು ಉಳಿದರೆ ಬಡವನೂ ಇದನ್ನು ಕೊಡಬೇಕು. ಹನಫಿ ಮದ್‌ಹಬ್‌ನಲ್ಲಿ ನಿಸಾಬ್‌ನ ಲೆಕ್ಕವಿದೆ. ನಿಮ್ಮ ವಿಷಯವನ್ನು ಉಸ್ತಾದರಲ್ಲಿ ಕೇಳಿ ತಿಳಿಯಿರಿ. ಶಾಫಿಈ ನಿಯಮದ ಸೊಗಸು ನೋಡಿ: ಯಾರೋ ಕೊಟ್ಟ ಫಿತ್ರ್ ಅಕ್ಕಿಯನ್ನು ಪಡೆಯುವ ಬಡವನೂ ತನ್ನ ಪಾಲಿನ ಅಕ್ಕಿಯನ್ನು ಇನ್ನೊಬ್ಬನಿಗೆ ಕೊಡುವವನಾಗಬಹುದು. ಅವನ ಒಂದು ಕೈ ಕೆಳಗಿದೆ, ಇನ್ನೊಂದು ಕೈ ಮೇಲಿದೆ. ಅವನಿಗೆ ಅವಮಾನವಿಲ್ಲ, ಏಕೆಂದರೆ ಅವನನ್ನು ಬರೇ ಪಡೆಯುವವನಾಗಿ ದೀನ್ ಬಿಡಲಿಲ್ಲ.

ಸಹೋದರರೇ, ಈ ತಿಂಗಳಲ್ಲಿ ಮೂರು ಸಣ್ಣ ಕೆಲಸ ಮಾಡೋಣ. ಇಫ್ತಾರ್‌ನ ಮೊದಲು ಹತ್ತು ನಿಮಿಷ ಫೋನನ್ನು ಜೇಬಿನಲ್ಲಿಟ್ಟು ಪಕ್ಕದವನ ಮನೆಯವರ ಕ್ಷೇಮ ಕೇಳೋಣ, ಅವನು ಯಾವ ಧರ್ಮದವನೇ ಆಗಿರಲಿ. ನಮ್ಮ ಮಹಡಿಯ ಕಕ್ಕಸು ತೊಳೆಯುವವನ ಹೆಸರನ್ನು ಕೇಳಿ ತಿಳಿದು, ಹೆಸರಿಟ್ಟು ಕರೆಯೋಣ. ವುಝೂ ಮಾಡುವಾಗ ನಲ್ಲಿಯನ್ನು ಸಣ್ಣಗೆ ತಿರುಗಿಸೋಣ, ಆ ನೀರಿನಲ್ಲಿ ಒಂದು ಸಮುದ್ರವೂ ಹಲವರ ರಾತ್ರಿ ಪಾಳಿಯೂ ಸೇರಿದೆ.

ನಮ್ಮ ಋಣಗಳನ್ನು ಕಾಣುವ ಕಣ್ಣನ್ನೂ, ತೀರಿಸುವ ಕೈಯನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಬೇರೆ ಯಾರ ಮುಂದೆಯೂ ಬೇಡದ ಮಾನವನ್ನು ಕೊಡಲಿ, ಯಾರನ್ನೂ ಮರೆಯದ ಮನಸ್ಸನ್ನೂ ಕೊಡಲಿ. ನಮ್ಮ ಉಪವಾಸಗಳನ್ನು ಸ್ವೀಕರಿಸಲಿ. ಆಮೀನ್.